ಗಾಜಿನ ಮನೆಯಲ್ಲಿ ಮೆಣಸಿನಕಾಯಿ ಮೇಳ: ಬಿತ್ತನೆ ಟ್ರೇಯಿಂದ ಮಿರ್ಚಿ ಬಾಣಲೆವರೆಗೆ

ದಾವಣಗೆರೆಯಲ್ಲಿ ಮೆಣಸಿನಕಾಯಿ ಮೇಳ ಅಂದರೆ ಜನ ಮೊದಲು ಕೇಳುವುದು ‘ಮಿರ್ಚಿ ಎಲ್ಲಿ?’ ಅಂತ. ಕೇಳಲಿ. ಆದರೆ ಮಂಡಕ್ಕಿ-ಮಿರ್ಚಿ ಪ್ರತಿ ಬೀದಿಯ ಮೂಲೆಯಲ್ಲೂ ಸಿಗುವ ಊರಿದು. ಅದೊಂದಕ್ಕಾಗಿ ಕುಂದುವಾಡ ಕೆರೆ ಪಕ್ಕದ ಗಾಜಿನ ಮನೆವರೆಗೆ ಯಾರೂ ಎರಡನೇ ಸಲ ಬರುವುದಿಲ್ಲ. ಬಂದವರು ಗಿಡದ ಮುಂದೆ ನಿಲ್ಲಬೇಕು. ಗಿಡದಲ್ಲಿ ಕಾಯಿ ಇದ್ದರೆ ಮಾತ್ರ ನಿಲ್ಲುತ್ತಾರೆ. ಬ್ಯಾನರ್, ಶಾಮಿಯಾನ, ಅತಿಥಿಗಳ ಪಟ್ಟಿ ಎಲ್ಲವನ್ನೂ ಹದಿನೈದು ದಿನದಲ್ಲಿ ಹೊಂದಿಸಬಹುದು, ಕೆಂಪು ಕಾಯಿ ತುಂಬಿದ ಗಿಡವನ್ನು ಆಗುವುದಿಲ್ಲ. ಹಾಗಾಗಿ ಮೇಳದ ಕೆಲಸ ಶುರುವಾಗುವುದು ಆರೇಳು ತಿಂಗಳು ಮುಂಚೆ.

ದಿನ ಗೊತ್ತು ಮಾಡಿ, ಹಿಂದಕ್ಕೆ ಎಣಿಸಿ

ಸಂಕ್ರಾಂತಿ ಮುಗಿದ ಮೇಲಿನ ವಾರ ಇಲ್ಲಿಗೆ ಒಳ್ಳೆಯದು. ಮಳೆ ಇರುವುದಿಲ್ಲ, ಬಿಸಿಲು ಇನ್ನೂ ಏರಿರುವುದಿಲ್ಲ, ಪಕ್ಕದ ಹಾವೇರಿ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆಗೆ ಹೊಸ ಕಾಯಿ ಬರತೊಡಗಿರುತ್ತದೆ. ಫೆಬ್ರವರಿ ಕೊನೆಗೆ ತಳ್ಳಿದರೆ ಹಗಲಿನ ಬಿಸಿ 35 ಡಿಗ್ರಿ ಮುಟ್ಟಿ ಹೂವೆಲ್ಲ ಉದುರುತ್ತದೆ.

ಜನವರಿ ಮೂರನೇ ವಾರ ಎಂದಿಟ್ಟುಕೊಂಡರೆ ಬ್ಯಾಡಗಿ, ಗುಂಟೂರು, ಜ್ವಾಲಾ, ಬಜ್ಜಿ ಮೆಣಸಿನಕಾಯಿ ಇವನ್ನು ಆಗಸ್ಟ್ ಮೊದಲ ಹದಿನೈದು ದಿನದಲ್ಲಿ ಬಿತ್ತಬೇಕು. ಸಸಿಗೆ 35–40 ದಿನ. ಸೆಪ್ಟೆಂಬರ್ ಮಧ್ಯಕ್ಕೆ ಕುಂಡಕ್ಕೆ ಹೋದರೆ ಅಕ್ಟೋಬರ್ ಕೊನೆಗೆ ಹೂವು, ನವೆಂಬರ್ ಕೊನೆಗೆ ಹಸಿಕಾಯಿ, ಜನವರಿ ಮೊದಲ ವಾರಕ್ಕೆ ಕೆಂಪು. ಭೂತ್ ಜೊಲೊಕಿಯಾದಂಥ ನಿಧಾನದ ಜಾತಿಗೆ ಈ ಲೆಕ್ಕ ಸಾಲದು. ಅದು ಮೊಳೆಯಲಿಕ್ಕೇ ಎರಡು-ಮೂರು ವಾರ ತೆಗೆದುಕೊಳ್ಳುತ್ತದೆ, ಜೂನ್ ಕೊನೆಯೊಳಗೆ ಬಿತ್ತಿ. ಸೂಜಿಮೆಣಸು ಹಲವು ವರ್ಷ ಬದುಕುವ ಗಿಡ, ಯಾರದಾದರೂ ಹಿತ್ತಲಿನಲ್ಲಿ ಕುಂಡದಲ್ಲೇ ಇರುವುದನ್ನು ಕೇಳಿ ತರುವುದು ಜಾಣತನ. ದೊಣ್ಣೆ ಮೆಣಸಿನಕಾಯಿಯನ್ನು ಮಾತ್ರ ತಡವಾಗಿ, ಸೆಪ್ಟೆಂಬರ್ ಮಧ್ಯದಲ್ಲಿ ಬಿತ್ತಿ ನೆರಳು ಪರದೆಯ ಕೆಳಗೆ ಇಡಿ.

ಆಗಸ್ಟ್ ತಪ್ಪಿಸಿಕೊಂಡವರು ಡಿಸೆಂಬರ್‌ನಲ್ಲಿ ಹೊಲದ ಗಿಡ ಕಿತ್ತು ತಂದು ಕುಂಡಕ್ಕೆ ಚುಚ್ಚುವ ಉಪಾಯ ಹೂಡುತ್ತಾರೆ. ಬೇರಿನ ಎಳೆಗಳೆಲ್ಲ ಹರಿದಿರುತ್ತವೆ, ಮಧ್ಯಾಹ್ನ ಹನ್ನೆರಡಕ್ಕೆ ಸಾಲುಸಾಲಾಗಿ ಜೋತು ಬೀಳುತ್ತವೆ. ಅಂಥ ಮೇಳಕ್ಕಿಂತ ಒಂದು ವರ್ಷ ಕಾಯುವುದೇ ವಾಸಿ.

ಕುಂಡ, ಮಣ್ಣು, ಮುಟುರು

98 ಗುಳಿಯ ಟ್ರೇಗೆ ತೆಂಗಿನ ನಾರಿನ ಪುಡಿ ತುಂಬಿ, ಗುಳಿಗೆ ಎರಡು ಬೀಜದಂತೆ ಅರ್ಧ ಸೆಂಟಿಮೀಟರ್ ಆಳಕ್ಕೆ ಹಾಕಿ. ಬೀಜಕ್ಕೆ ಮೊದಲೇ ಕೊಳೆರೋಗ ತಡೆಯುವ ಟ್ರೈಕೋಡರ್ಮಾ ಪುಡಿ ಸವರಿರಿ. ಮೊಳೆತ ಮೇಲೆ ದಿನಕ್ಕೆ ಮೂರು ಸಲ ನೀರು ಹಾಕುವ ಉತ್ಸಾಹಿಗಳಿಂದಲೇ ಸಸಿಗಳು ಬುಡ ಕೊಳೆತು ಮಲಗುವುದು. ಮೇಲಿನ ಪುಡಿ ಬಣ್ಣ ತಿಳಿಯಾದಾಗ ಮಾತ್ರ ನೀರು ಕೊಡಿ. 150 ಗಿಡ ಬೇಕಿದ್ದರೆ 200 ಸಸಿ ಬೆಳೆಸಿ.

ಕುಂಡ 12 ಇಂಚಿನದು, ಸೂಜಿಮೆಣಸಿನಂಥ ಚಿಕ್ಕ ಗಿಡಕ್ಕೆ 10 ಇಂಚು ಸಾಕು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ನಾರಿನ ಪುಡಿ, ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ. ನಮ್ಮ ಕಡೆಯ ಎರೆಮಣ್ಣು ಹೊಲಕ್ಕೆ ಬಂಗಾರವಿರಬಹುದು, ಕುಂಡದಲ್ಲಿ ಅದು ನೀರು ಹಿಡಿದು ಬೇರು ಕೊಳೆಸುತ್ತದೆ, ಒಣಗಿದರೆ ಬಿರಿದು ಬೇರನ್ನು ಹರಿಯುತ್ತದೆ. ನಾಟಿಯಾಗಿ ಎರಡು ವಾರದೊಳಗೆ ಬರುವ ಹೂವನ್ನು ಚಿವುಟಿ. ಹೂವಾಗುವವರೆಗೆ ವಾರಕ್ಕೊಮ್ಮೆ ಲೀಟರ್ ನೀರಿಗೆ 3 ಗ್ರಾಂ 19:19:19 ಗೊಬ್ಬರ, ಆಮೇಲೆ ಹತ್ತು ದಿನಕ್ಕೊಮ್ಮೆ 5 ಗ್ರಾಂ 13:0:45 ಗೊಬ್ಬರ. ಯೂರಿಯಾ ಸುರಿದರೆ ಎದೆಯೆತ್ತರದ ಹಸಿರು ಪೊದೆ ಸಿಗುತ್ತದೆ, ಕಾಯಿ ಸಿಗುವುದಿಲ್ಲ.

ಮೇಳವನ್ನೇ ಕೆಡಿಸುವ ರೋಗವೆಂದರೆ ಮುಟುರು. ಎಲೆಯ ಅಂಚು ದೋಣಿಯಂತೆ ಮೇಲಕ್ಕೆ ಮಡಚಿದ್ದರೆ ಥ್ರಿಪ್ಸ್ ಎಂಬ ರಸ ಹೀರುವ ಹುಳು, ಬೋರಲು ಹಾಕಿದ ದೋಣಿಯಂತೆ ಕೆಳಕ್ಕೆ ಬಾಗಿ ತೊಟ್ಟು ಉದ್ದವಾಗಿದ್ದರೆ ಮೈಟ್ ನುಸಿ. ಅನುಮಾನವಿದ್ದರೆ ಕುಡಿಯ ಕೆಳಗೆ ಬಿಳಿ ಹಾಳೆ ಹಿಡಿದು ಬೆರಳಿನಿಂದ ಎರಡು ಸಲ ತಟ್ಟಿ. ಒಂದು ಮಿಲಿಮೀಟರ್‌ನ ಸೀಳಿದ ರವೆಯಂಥ ಚೂರುಗಳು ಬೀಳುತ್ತವೆ. ಅರೆಕ್ಷಣ ಸುಮ್ಮನಿದ್ದು ಹಾಳೆಯ ಮೇಲೆ ನಡೆಯತೊಡಗಿದರೆ ಅದು ಥ್ರಿಪ್ಸ್. ಮೈಟ್ ಬರಿಗಣ್ಣಿಗೆ ಕಾಣುವುದಿಲ್ಲ, ಭೂತಗನ್ನಡಿ ಬೇಕು. ಥ್ರಿಪ್ಸ್‌ಗೆ ನೀಲಿ ಅಂಟುಹಾಳೆ, ಜೊತೆಗೆ ಲೀಟರ್‌ಗೆ 5 ಮಿಲಿ ಬೇವಿನ ಎಣ್ಣೆಗೆ ಸ್ವಲ್ಪ ಸೋಪಿನ ನೀರು ಬೆರೆಸಿ ವಾರಕ್ಕೊಮ್ಮೆ ಸಂಜೆ, ಎಲೆಯ ಅಡಿಗೆ ತಾಗುವಂತೆ. ಮೈಟ್‌ಗೆ ನೀರಿನಲ್ಲಿ ಕರಗುವ ಗಂಧಕ, ಲೀಟರ್‌ಗೆ 2–3 ಗ್ರಾಂ. ಎಣ್ಣೆ ಹೊಡೆದ ಎರಡು ವಾರದೊಳಗೆ ಗಂಧಕ ಹೊಡೆಯಬೇಡಿ, ಎಲೆ ಸುಡುತ್ತದೆ. ಕೊನೆಯ ಮೂರು ವಾರ ಯಾವ ರಾಸಾಯನಿಕವೂ ಬೇಡ. ‘ಮುಟ್ಟಬೇಡಿ’ ಎಂದು ಎಷ್ಟು ದೊಡ್ಡದಾಗಿ ಬರೆದರೂ ಜನ ಕಿತ್ತು ಕಚ್ಚಿಯೇ ಕಚ್ಚುತ್ತಾರೆ.

ಘಾಟು ಎಲ್ಲಿಗೆ ಹೋಗುತ್ತದೆ?

ಗಾಜಿನ ಮನೆಯೊಳಗೆ ಒಲೆ ಹಚ್ಚಬೇಡಿ. ಒಣಮೆಣಸಿನಕಾಯಿ ಹುರಿಯುವ ಪ್ರಾತ್ಯಕ್ಷಿಕೆ ಅಂತೂ ಬೇಡವೇ ಬೇಡ. ಒಂದು ಹಿಡಿ ಗುಂಟೂರು ಕಾಯಿ ಸ್ವಲ್ಪ ಕರಿಕಾದರೂ ಘಾಟು ಸೂರಿನಡಿ ನಿಂತು ಇಡೀ ಸಭೆ ಕೆಮ್ಮುತ್ತ ಹೊರಗೋಡುತ್ತದೆ. ಖಾರದಪುಡಿಯ ಚೀಲವನ್ನೂ ಒಳಗೆ ಬಿಚ್ಚಬೇಡಿ, ಅದರ ಎದುರು ಫ್ಯಾನ್ ಇಡಬೇಡಿ. ಜನವರಿಯಲ್ಲಿ ಇಲ್ಲಿ ಗಾಳಿ ಹೆಚ್ಚಾಗಿ ಪೂರ್ವ, ಈಶಾನ್ಯದಿಂದ ಬೀಸುವುದರಿಂದ ಬಾಣಲೆ ಸಾಲು ಪಶ್ಚಿಮದ ಬಯಲಿನಲ್ಲಿರಲಿ. ಹಿಂದಿನ ಸಂಜೆ ಒಂದು ಊದುಬತ್ತಿ ಹಚ್ಚಿ ಹೊಗೆ ಎತ್ತ ಹೋಗುತ್ತದೆ ನೋಡಿಕೊಂಡರೆ ಸಾಕು.

ಕಾಗದಪತ್ರದ ಕೆಲಸ ಗೊತ್ತಿದ್ದದ್ದೇ: ಜಾಗಕ್ಕೆ ತೋಟಗಾರಿಕೆ ಇಲಾಖೆ, ಮೈಕಿಗೆ ಪೊಲೀಸ್, ತಾತ್ಕಾಲಿಕ ವಿದ್ಯುತ್ತಿಗೆ ಬೆಸ್ಕಾಂ, ತಿಂಡಿ ಮಳಿಗೆಗಳಿಗೆ ಎಫ್‌ಎಸ್‌ಎಸ್‌ಎಐ ನೋಂದಣಿ. ಒಂದು ತಿಂಗಳು ಮುಂಚೆ ಅರ್ಜಿ ಕೊಡಿ.

ಫಲಕದಲ್ಲಿ ಏನಿರಲಿ

ಹೆಸರು, ಊರು, ಯಾವ ಅಡುಗೆಗೆ, ಖಾರ ಎಷ್ಟು. ಇಷ್ಟನ್ನು ಐದಡಿ ದೂರದಿಂದ ಓದುವಷ್ಟು ದೊಡ್ಡದಾಗಿ ಬರೆಯಿರಿ. ಖಾರಕ್ಕೆ ಸ್ಕೋವಿಲ್ ಅಂಕಿ ಬರೆಯುವ ಚಪಲ ಎಲ್ಲರಿಗೂ ಇರುತ್ತದೆ. 1912ರಲ್ಲಿ ವಿಲ್ಬರ್ ಸ್ಕೋವಿಲ್ ಮಾಡಿದ ಈ ಅಳತೆ ಮೆಣಸಿನ ಸಾರವನ್ನು ಖಾರ ಗೊತ್ತಾಗದಷ್ಟು ಸಕ್ಕರೆ ನೀರಿನಲ್ಲಿ ತೆಳುವಾಗಿಸುವ ಲೆಕ್ಕದ್ದು, ಈಗ ಯಂತ್ರದಿಂದ ಅಳೆಯುತ್ತಾರೆ. ಆದರೆ ಒಂದೇ ಬೀಜದ ಎರಡು ಗಿಡಗಳಲ್ಲಿ ನೀರಿಗೆ ಬಾಯಿಬಿಟ್ಟ ಗಿಡದ ಕಾಯಿ ಹೆಚ್ಚು ಖಾರ. ಹಾಗಾಗಿ ಗಿಡಕ್ಕೆ ಅಂಕಿ ಬೇಡ, ಒಂದರಿಂದ ಐದು ಮೆಣಸಿನಕಾಯಿಯ ಚಿತ್ರ ಸಾಕು. ಅಂಕಿಗಳನ್ನು ಹುಡುಗರಿಗಾಗಿ ಬೇರೆ ಫಲಕದಲ್ಲಿ ಹಾಕಿ: ಹತ್ತು ಲಕ್ಷ ದಾಟಿ 2007ರಲ್ಲಿ ಗಿನ್ನೆಸ್ ಸೇರಿದ ಭೂತ್ ಜೊಲೊಕಿಯಾ, 2013ರ ಕೆರೊಲಿನಾ ರೀಪರ್, 26 ಲಕ್ಷ 93 ಸಾವಿರದ 2023ರ ಪೆಪರ್ ಎಕ್ಸ್. ಪಕ್ಕದಲ್ಲೇ 2011ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ನಮ್ಮ ಬ್ಯಾಡಗಿ. ಅದರ ಹೆಸರು ಬಣ್ಣಕ್ಕೆ, ಖಾರ ಗುಂಟೂರಿನ ಅರ್ಧವೂ ಇಲ್ಲ. ಬ್ಯಾಡಗಿಯ ಎರಡು ಬಗೆಗಳಾದ ಡಬ್ಬಿ, ಕಡ್ಡಿ ಎರಡನ್ನೂ ಅಕ್ಕಪಕ್ಕ ಇಟ್ಟರೆ ಗಿಡ್ಡ-ದಪ್ಪ ಯಾವುದು, ಉದ್ದ-ಸಪೂರ ಯಾವುದು ಎಂದು ವಿವರಿಸುವ ಕೆಲಸವೇ ಇಲ್ಲ. ಒಣಕಾಯಿಯನ್ನು ಬ್ಯಾಡಗಿಯಿಂದಲೇ ತರಬಹುದು, ಸೋಮವಾರ ಮತ್ತು ಗುರುವಾರ ಅಲ್ಲಿ ವಹಿವಾಟು ಜೋರು. ಮುಷ್ಟಿಯಲ್ಲಿ ಅಲುಗಾಡಿಸಿದರೆ ಒಳಗಿನ ಬೀಜ ಗಲಗಲ ಅನ್ನಬೇಕು. ಮೆತ್ತಗಿದ್ದರೆ ತೂಕಕ್ಕೆ ನೀರು ಕುಡಿಸಿದ ಕಾಯಿ, ಚೀಲದಲ್ಲೇ ಬೂಸಲು ಬರುತ್ತದೆ.

ಎರಡು ಮೇಜು: ಸೀಳುವುದು, ಸವಿಯುವುದು

ಮೊದಲ ಮೇಜಿನಲ್ಲಿ ಒಂದು ಕೆಂಪು ಕಾಯಿಯನ್ನು ಉದ್ದಕ್ಕೆ ಸೀಳಿ ತೋರಿಸಿ. ತೊಟ್ಟಿನ ಕೆಳಗಿಂದ ಇಳಿಯುವ ಬಿಳಿ ತಿರುಳಿನ ಪಟ್ಟಿ, ಅದರ ಮೇಲೆ ಬೆಳಕಿಗೆ ಮಿನುಗುವ ಹಳದಿ ಹನಿಗಳು. ಖಾರದ ಮನೆ ಅದು. ಬೀಜದಲ್ಲಿ ಖಾರವಿದೆ ಎಂದು ನಂಬಿದವರಿಗೆ, ತೊಳೆದು ಒರೆಸಿದ ಒಂದು ಬೀಜ ಮತ್ತು ಸಾಸಿವೆಯಷ್ಟು ತಿರುಳು ಬೇರೆಬೇರೆ ಕೊಟ್ಟು ನೋಡಿ. ಸೀಳುವವರು ನೈಟ್ರೈಲ್ ಕೈಗವಸು ಹಾಕಲೇಬೇಕು. ಕೈಗೆ ಹತ್ತಿದರೆ ಮೊದಲು ಅಡುಗೆ ಎಣ್ಣೆ ಸವರಿ ಒರೆಸಿ, ಆಮೇಲೆ ಸೋಪು. ಖಾರ ಕರಗುವುದು ಎಣ್ಣೆಯಲ್ಲಿ, ನೀರಿನಲ್ಲಿ ಅಲ್ಲ. ಕಣ್ಣಿಗೆ ಬಿದ್ದರೆ ಮಾತ್ರ ಉಜ್ಜದೆ ಬರೀ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ, ಉರಿ ಇಳಿಯದಿದ್ದರೆ ವೈದ್ಯರ ಹತ್ತಿರ ಕಳಿಸಿ.

ಇಲ್ಲೇ ಒಂದು ಲೋಟ ನೀರಿಟ್ಟು ಜನ ಮನೆಯಿಂದ ತಂದ ಖಾರದಪುಡಿಯನ್ನು ಮೇಲೆ ಉದುರಿಸಿ. ನೀರಿನಲ್ಲಿ ಕರಗುವ ಕೃತಕ ಬಣ್ಣವಿದ್ದರೆ ಕೂಡಲೇ ಗೆರೆಗೆರೆಯಾಗಿ ಇಳಿಯುತ್ತದೆ. ಈ ಮೇಜಿನ ಮುಂದೆ ಗುಂಪು ಕರಗುವುದೇ ಇಲ್ಲ.

ರುಚಿಯ ಮೇಜಿನಲ್ಲಿ ಎಲ್ಲವನ್ನೂ ಗಟ್ಟಿ ಮೊಸರಿನಲ್ಲಿ ಕದಡಿ ಕೊಡಿ. 100 ಗ್ರಾಂ ಮೊಸರಿಗೆ 1 ಗ್ರಾಂ ಪುಡಿ, ಒಬ್ಬರಿಗೆ ಅರ್ಧ ಚಮಚ. ಬ್ಯಾಡಗಿ, ಜ್ವಾಲಾ, ಗುಂಟೂರು ಈ ಕ್ರಮ ತಪ್ಪಬಾರದು, ಖಾರದ್ದು ಮೊದಲು ಬಿದ್ದರೆ ನಾಲಿಗೆಗೆ ಉಳಿದದ್ದು ತಿಳಿಯುವುದಿಲ್ಲ. ಭೂತ್ ಜೊಲೊಕಿಯಾವಾದರೆ ಒಂದೇ ಹಸಿ ಹಣ್ಣು, ಸುಮಾರು 6 ಗ್ರಾಂ, ನುಣ್ಣಗೆ ಅರೆದು ಒಂದು ಕೆಜಿ ಮೊಸರಿಗೆ. ಸರಿಯಾಗಿ ಅರೆಯದೆ ಒಂದು ಚೂರು ಉಳಿದರೂ ಅದು ಯಾರದೋ ಬಾಯಿಗೆ ಹೋಗುತ್ತದೆ. ಪಕ್ಕದಲ್ಲಿ ಹಾಲು, ಬೆಲ್ಲ ಇರಲಿ. ಬರೀ ನೀರು ಖಾರವನ್ನು ಬಾಯಿತುಂಬ ಹರಡುತ್ತದೆ ಅಷ್ಟೆ.

ಹಸಿ ಹಣ್ಣು ತಿನ್ನುವ ಸ್ಪರ್ಧೆ ಬೇಡ. ರೀಪರ್ ತಿಂದ ಸ್ಪರ್ಧಿಯೊಬ್ಬನಿಗೆ ಮೆದುಳಿನ ರಕ್ತನಾಳ ಕಿರಿದಾಗಿ ಸಿಡಿಲಿನಂಥ ತಲೆನೋವು ಬಂದದ್ದು 2018ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲೇ ವರದಿಯಾಗಿದೆ. ಸ್ಪರ್ಧೆ ಬೇಕೇಬೇಕಾದರೆ ಕಾಯಿ ನೋಡಿ ಜಾತಿ ಹೇಳುವುದನ್ನು ಇಡಿ, ಬಹುಮಾನಕ್ಕೆ ಒಂದು ಕುಂಡ.

ಬಾಣಲೆ

ಒಂದು ಕೆಜಿ ಕಡ್ಲೆಹಿಟ್ಟಿಗೆ 100 ಗ್ರಾಂ ಅಕ್ಕಿಹಿಟ್ಟು, 25 ಗ್ರಾಂ ಉಪ್ಪು, 10 ಗ್ರಾಂ ಓಮ, ಒಂದು ಸಣ್ಣ ಚಮಚ ಸೋಡಾ, ಎರಡು ಸೌಟು ಕಾದ ಎಣ್ಣೆ, ನೀರು ಲೀಟರ್‌ಗೆ ಸ್ವಲ್ಪ ಮೇಲೆ. ಬೆರಳು ಅದ್ದಿ ಎತ್ತಿದರೆ ಬೆರಳು ಕಾಣದಷ್ಟು ಗಟ್ಟಿ ಇರಲಿ. ಕಾಯಿ ತೊಳೆದು ಬಟ್ಟೆಯಲ್ಲಿ ಪೂರ್ತಿ ಒರೆಸಿ, ಒದ್ದೆ ಕಾಯಿಯಿಂದ ಹಿಟ್ಟು ಅಂಗಿ ಕಳಚಿದ ಹಾಗೆ ಜಾರುತ್ತದೆ. ಒಂದು ಬದಿ ಸೀಳದಿದ್ದರೆ ಒಳಗಿನ ಹಬೆಗೆ ಸಿಡಿದು ಎಣ್ಣೆ ಕೈಗೆ ಹಾರುತ್ತದೆ. ಸೀಳಿನೊಳಗೆ ಹುಣಸೆ, ಜೀರಿಗೆ, ಉಪ್ಪು ಅರೆದು ಸವರುವವರಿದ್ದಾರೆ, ರುಚಿ ಏರುತ್ತದೆ. ಹನಿ ಹಿಟ್ಟು ಬಿಟ್ಟ ಕೂಡಲೇ ಮೇಲೆದ್ದರೆ ಎಣ್ಣೆ ಹದ. ತಳದಲ್ಲೇ ಕೂತರೆ ಇನ್ನೂ ಕಾಯಬೇಕು. ಮಿರ್ಚಿ ಎಣ್ಣೆ ಕುಡಿದು ಜೋಲುತ್ತಿದ್ದರೆ ಸೋಡಾ ಹೆಚ್ಚಾಗಿದೆ, ಇಲ್ಲವೇ ಒಂದೇ ಸಲ ತುಂಬಾ ಬಿಟ್ಟು ಎಣ್ಣೆ ಆರಿದೆ. ಕಪ್ಪಗಾಗಿ ನೊರೆ ನಿಲ್ಲುವ ಎಣ್ಣೆಯನ್ನು ಡಬ್ಬಿಗೆ ಸುರಿದು ಬದಿಗಿಡಿ. ಚರಂಡಿಗೂ ಕೆರೆಯ ಕಡೆಗೂ ಒಂದು ಹನಿ ಹೋಗಬಾರದು, ಊರು ಆ ಕೆರೆಯ ನೀರನ್ನೂ ಕುಡಿಯುತ್ತದೆ.

ಬೀಜ, ಗಿಡ ಕೊಡುವುದಾದರೆ

ಜಾತಿಗಳನ್ನು ಅಕ್ಕಪಕ್ಕ ಇಟ್ಟಾಗ ಜೇನು, ನೊಣ ಪರಾಗ ಬೆರೆಸಿಬಿಡುತ್ತವೆ. ಈ ವರ್ಷದ ಕಾಯಿ ಬ್ಯಾಡಗಿಯಂತೆಯೇ ಕಾಣುತ್ತದೆ, ಅದರ ಬೀಜ ಬಿತ್ತಿದವರಿಗೆ ಮುಂದಿನ ವರ್ಷ ಏನೋ ಒಂದು ಸಿಗುತ್ತದೆ. ನವೆಂಬರ್‌ನಲ್ಲಿ ಮೊಗ್ಗಿರುವಾಗಲೇ ಒಂದೊಂದು ಕೊಂಬೆಗೆ ತೆಳುಬಟ್ಟೆಯ ಚೀಲ ಕಟ್ಟಿ, ದಿನಕ್ಕೊಮ್ಮೆ ಮೆಲ್ಲಗೆ ಅಲುಗಿಸಿ. ಕಾಯಿ ಕಚ್ಚಿದ ಮೇಲೆ ಚೀಲ ತೆಗೆದು ಆ ತೊಟ್ಟುಗಳಿಗೆ ಕೆಂಪು ದಾರ ಕಟ್ಟಿ. ದಾರವಿರುವ ಕಾಯಿಯ ಬೀಜ ಮಾತ್ರ ಹೆಸರು ಬರೆದ ಪೊಟ್ಟಣಕ್ಕೆ.

ಗಿಡಗಳನ್ನು ಮಾರುವುದು ಕೊನೆಯ ದಿನ ಸಂಜೆ ನಾಲ್ಕರ ಮೇಲೆ. ಮೊದಲ ದಿನ ಮುಂಗಡ ತೆಗೆದುಕೊಂಡು ಕುಂಡಕ್ಕೆ ಚೀಟಿ ಅಂಟಿಸಿ, ಆದರೆ ಕುಂಡ ಜಾಗ ಬಿಟ್ಟು ಕದಲಬಾರದು. ಒಂದು ಹೋದರೆ ಸಾಲೇ ಹೋಗುತ್ತದೆ, ಎರಡನೇ ದಿನ ಬಂದವರಿಗೆ ಉಳಿಯುವುದು ಮಿರ್ಚಿ ಮಾತ್ರ.