ಪುರುಷರ ಹಾರ್ಮೋನ್ ಗರ್ಭನಿರೋಧಕ: ವೀರ್ಯ ಪರೀಕ್ಷೆಯ ವರದಿಯನ್ನು ಓದುವ ಬಗೆ

ಪುರುಷರ ಹಾರ್ಮೋನ್ ಗರ್ಭನಿರೋಧಕ ಇನ್ನೂ ಔಷಧದಂಗಡಿಗೆ ಬಂದಿಲ್ಲ. ವೈದ್ಯಕೀಯ ಪ್ರಯೋಗಗಳಲ್ಲಿ ಮಾತ್ರ ಬಳಕೆಯಲ್ಲಿದೆ. ಅಂಥ ಪ್ರಯೋಗಕ್ಕೆ ಸೇರುವ ದಂಪತಿಗಳು ಔಷಧ ಆರಂಭಿಸಿ ಎಷ್ಟು ವಾರವಾಯಿತೆಂದು ಲೆಕ್ಕ ಹಾಕುವುದಕ್ಕಿಂತ, ವೀರ್ಯಾಣುಗಳ ಎಣಿಕೆ ಎಲ್ಲಿಗೆ ಇಳಿದಿದೆ ಎಂಬುದನ್ನೇ ನೆಚ್ಚಿಕೊಳ್ಳಬೇಕು.

ಹೊರಗಿನಿಂದ ಕೊಡುವ ಟೆಸ್ಟೊಸ್ಟೆರಾನ್ (ಪುರುಷ ಹಾರ್ಮೋನ್) ಮತ್ತು ಪ್ರೊಜೆಸ್ಟಿನ್ (ಪ್ರೊಜೆಸ್ಟೆರಾನನ್ನು ಹೋಲುವ ಕೃತಕ ಹಾರ್ಮೋನ್) ಸೇರಿ, ಮೆದುಳಿನ ಬುಡದಲ್ಲಿರುವ ಪಿಟ್ಯೂಟರಿ ಗ್ರಂಥಿಯಿಂದ ಬಂದು ವೃಷಣಗಳನ್ನು ಪ್ರಚೋದಿಸುವ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಹಾರ್ಮೋನುಗಳ ಸ್ರವಿಕೆಯನ್ನು ತಗ್ಗಿಸುತ್ತವೆ. ಆಗ ವೃಷಣದೊಳಗಿನ ಟೆಸ್ಟೊಸ್ಟೆರಾನ್ ಕುಸಿದು ವೀರ್ಯಾಣು ಉತ್ಪಾದನೆ ಕುಂಠಿತವಾಗುತ್ತದೆ. ರಕ್ತದಲ್ಲಿ ಮಾತ್ರ ಟೆಸ್ಟೊಸ್ಟೆರಾನ್ ಮಟ್ಟ ಸಾಕಷ್ಟು ಉಳಿಯುತ್ತದೆ. ಒಂದು ವೀರ್ಯಾಣು ಬೆಳೆದು ಸಿದ್ಧವಾಗಲು ಎರಡು ತಿಂಗಳಿಗೂ ಹೆಚ್ಚು ಕಾಲ ಹಿಡಿಯುವುದರಿಂದ ಮೊದಲ ಚುಚ್ಚುಮದ್ದಿನ ಮರುದಿನವೇ ರಕ್ಷಣೆ ದೊರೆಯುವುದಿಲ್ಲ.

ಪ್ರತಿ ಮಿಲಿಲೀಟರ್ ವೀರ್ಯದಲ್ಲಿ 10 ಲಕ್ಷ ಅಥವಾ ಅದಕ್ಕಿಂತ ಕಡಿಮೆ ವೀರ್ಯಾಣುಗಳಿರುವುದನ್ನು ಇತ್ತೀಚಿನ ಪ್ರಯೋಗಗಳು ಸುರಕ್ಷಿತ ಮಿತಿಯೆಂದು ಪರಿಗಣಿಸಿವೆ. ಈ ಮಿತಿ ಏಕೆ ಮುಖ್ಯವೆಂಬುದನ್ನು ವಿಶ್ವ ಆರೋಗ್ಯ ಸಂಸ್ಥೆಯ 1996ರ ಅಧ್ಯಯನ ತೋರಿಸುತ್ತದೆ: ಎಣಿಕೆ ಸೊನ್ನೆಗೆ ಇಳಿದವರ ಸಂಗಾತಿಗಳಲ್ಲಿ ಯಾರೂ ಗರ್ಭ ಧರಿಸಲಿಲ್ಲ, ಆದರೆ 1 ಲಕ್ಷದಿಂದ 30 ಲಕ್ಷದವರೆಗೆ ವೀರ್ಯಾಣು ಉಳಿದವರಲ್ಲಿ ವರ್ಷಕ್ಕೆ ನೂರು ದಂಪತಿಗಳಿಗೆ ಸುಮಾರು 8 ಗರ್ಭಧಾರಣೆಗಳಾದವು. ಹೀಗಾಗಿ "ಕಡಿಮೆಯಾಗಿದೆ" ಎಂಬ ಬಾಯಿಮಾತಿಗೆ ತೃಪ್ತರಾಗದೆ ಅಂಕಿಯನ್ನೇ ಕೇಳಿ ಬರೆದಿಟ್ಟುಕೊಳ್ಳಿ.

ಒಂದೇ ಪ್ರಮಾಣದ ಔಷಧ ಎಲ್ಲರಲ್ಲೂ ಒಂದೇ ಫಲ ಕೊಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 1990ರ ಪ್ರಯೋಗದಲ್ಲಿ ವಾರಕ್ಕೊಮ್ಮೆ 200 ಮಿಲಿಗ್ರಾಂ ಟೆಸ್ಟೊಸ್ಟೆರಾನ್ ಪಡೆದ 271 ಪುರುಷರಲ್ಲಿ 157 ಮಂದಿ ಮಾತ್ರ ಸೊನ್ನೆ ಎಣಿಕೆಯೊಂದಿಗೆ, ಈ ಔಷಧವೊಂದನ್ನೇ ನೆಚ್ಚುವ ಮುಂದಿನ ಹಂತ ತಲುಪಿದರು. ಚೀನಾದ ಪುರುಷರಲ್ಲಿ ವೀರ್ಯಾಣು ಉತ್ಪಾದನೆಯ ನಿಗ್ರಹ ಇತರರಿಗಿಂತ ಹೆಚ್ಚು ಪೂರ್ಣವಾಗಿತ್ತು. 2009ರಲ್ಲಿ ಪ್ರಕಟವಾದ ಚೀನಾದ ದೊಡ್ಡ ಪ್ರಯೋಗದಲ್ಲಿಯೂ ಶೇ. 4.8ರಷ್ಟು ಜನರಲ್ಲಿ ಆರು ತಿಂಗಳಾದರೂ ಎಣಿಕೆ ಮಿತಿಗೆ ಇಳಿಯಲಿಲ್ಲ. ಇದು ಪುರುಷತ್ವದ ಕೊರತೆಯೂ ಅಲ್ಲ, ಹೆಚ್ಚುಗಾರಿಕೆಯೂ ಅಲ್ಲ. ಆ ದಂಪತಿಗಳು ಬೇರೆ ವಿಧಾನವನ್ನು ಆರಿಸಿಕೊಳ್ಳಬೇಕಷ್ಟೆ.

ಮಾದರಿ ಕೊಡುವ ಮುನ್ನ ಎರಡರಿಂದ ಏಳು ದಿನ ಸ್ಖಲನವಿಲ್ಲದಿರಬೇಕು ಮತ್ತು ಪೂರ್ತಿ ವೀರ್ಯವನ್ನು ಸಂಗ್ರಹಿಸಬೇಕು. ಮಿತಿಯೊಳಗಿನ ಫಲಿತಾಂಶ ಮತ್ತೊಮ್ಮೆ ದೃಢಪಟ್ಟು ವೈದ್ಯರು ಹೇಳುವವರೆಗೂ ಕಾಂಡೋಮ್ ಅಥವಾ ಪತ್ನಿ ಬಳಸುತ್ತಿರುವ ವಿಧಾನವನ್ನು ನಿಲ್ಲಿಸಬೇಡಿ. ಚುಚ್ಚುಮದ್ದು ತಡವಾದರೆ ಎಣಿಕೆ ಮತ್ತೆ ಏರಬಹುದಾದ್ದರಿಂದ, ಪರೀಕ್ಷೆಯನ್ನು ನಿಗದಿಯಂತೆ ಮುಂದುವರಿಸಬೇಕು. ಮನಸ್ಸಿನ ಖಿನ್ನತೆ ಅಥವಾ ಕಾಮಾಸಕ್ತಿಯಲ್ಲಿನ ಬದಲಾವಣೆಯನ್ನು ಮುಚ್ಚಿಡದೆ ತಿಳಿಸಿ.

ಔಷಧ ನಿಲ್ಲಿಸಿದ ಬಳಿಕ ಸುಮಾರು ಅರ್ಧದಷ್ಟು ಜನರಲ್ಲಿ ಮೂರು-ನಾಲ್ಕು ತಿಂಗಳಲ್ಲಿ ಎಣಿಕೆ ಚೇತರಿಸಿಕೊಳ್ಳುತ್ತದೆ, ಕೆಲವರಿಗೆ ವರ್ಷಕ್ಕೂ ಮೀರುತ್ತದೆ. ಜಿಮ್‌ಗಳಲ್ಲಿ ಕೈಯಿಂದ ಕೈಗೆ ಸಿಗುವ ಟೆಸ್ಟೊಸ್ಟೆರಾನನ್ನು ಗರ್ಭನಿರೋಧಕವೆಂದು ನಂಬಿ ಬಳಸುವುದು ಅಪಾಯಕರ, ಏಕೆಂದರೆ ಅಲ್ಲಿ ಪ್ರಮಾಣಕ್ಕೆ ಮಿತಿಯಿಲ್ಲ, ಎಣಿಕೆಯನ್ನು ಪರೀಕ್ಷಿಸುವವರೂ ಇಲ್ಲ.