ಹಳೆ ಆಕ್ಸೆಂಟ್ ಕಾರಿನ ಪವರ್ ಸ್ಟೀರಿಂಗ್ ಹೋಸ್ ಬದಲಿಸಿದ್ದು: ನನ್ನ ಅನುಭವ

ಸ್ಟೀರಿಂಗ್ ಬಿಗಿ, ತಿರುಗಿಸಿದರೆ ಗುಂಯ್ ಅನ್ನುವ ಸದ್ದು, ಸ್ಟೀರಿಂಗ್ ಆಯಿಲ್ ಡಬ್ಬಿಯಲ್ಲಿ ಆಯಿಲ್ ಕಡಿಮೆ. ಈ ಮೂರೂ ಕೂಡಿ ಬಂದರೆ ಹುಬ್ಬಳ್ಳಿಯಲ್ಲಿ ಮೊದಲು ಕಿವಿಗೆ ಬೀಳುವ ಮಾತು "ಪಂಪ್ ಹೋಗೇತ್ರೀ". ಸ್ಟೀರಿಂಗ್ ಹಗುರಾಗಲು ಆಯಿಲನ್ನು ಒತ್ತಡದಿಂದ ತಳ್ಳುವ ಈ ಪಂಪ್ ಸವೆದರೂ ಇದೇ ಲಕ್ಷಣ, ಆಯಿಲ್ ಸೋರಿ ಪಂಪ್ ಗಾಳಿ ಎಳೆದುಕೊಂಡರೂ ಇದೇ ಲಕ್ಷಣ. ಸೋರುವ ಜಾಗ ಕಣ್ಣಿಗೆ ಬೀಳುವ ತನಕ ನಾನು ಸ್ಪ್ಯಾನರ್ ಹಿಡಿಯುವುದಿಲ್ಲ.

ನಮ್ಮ ಭಾಗದಲ್ಲಿ ಇದನ್ನು ಹುಡುಕುವುದೇ ದೊಡ್ಡ ಕೆಲಸ. ನವಲಗುಂದ, ಅಣ್ಣಿಗೇರಿ ಕಡೆ ಓಡಾಡಿದ ಗಾಡಿಯ ಅಡಿಯಲ್ಲಿ ಯರಿ (ಕಪ್ಪು) ಮಣ್ಣು ಆಯಿಲ್‌ಗೆ ಮೆತ್ತಿಕೊಂಡು ಹೋಸ್ ಯಾವುದು, ಪೈಪ್ ಯಾವುದು ಎಂದೇ ತಿಳಿಯದಂತಾಗಿರುತ್ತದೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಆಲ್ಟರ್ನೇಟರ್‌ಗೆ ಪ್ಲಾಸ್ಟಿಕ್ ಸುತ್ತಿ, ಸೀಮೆಎಣ್ಣೆ ಮತ್ತು ಬ್ರಷ್‌ನಿಂದ ಪಂಪ್, ಹೋಸ್, ರ್‍ಯಾಕ್ (ಮುಂದಿನ ಗಾಲಿಗಳನ್ನು ತಿರುಗಿಸುವ ಭಾಗ) ಎಲ್ಲವನ್ನೂ ತೊಳೆದೆ. ಒರೆಸಿ, ಒಣಗಿಸಿ, ಜೋಡಣೆಗಳ ಮೇಲೆ ಟಾಲ್ಕಂ ಪೌಡರ್ ಉದುರಿಸಿದೆ. ನಂತರ ಸುತ್ತಿದ ಪ್ಲಾಸ್ಟಿಕ್ ತೆಗೆದು ಎಂಜಿನ್ ಚಾಲೂ ಮಾಡಿ, ಒಬ್ಬರು ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸುತ್ತಿದ್ದರೆ ಇನ್ನೊಬ್ಬರು ಟಾರ್ಚ್ ಹಿಡಿದು ನೋಡಬೇಕು. ಕೈ, ಬಟ್ಟೆ ಬೆಲ್ಟ್ ಹತ್ತಿರ ಹೋಗಬಾರದು. ಕೊನೆ ಮುಟ್ಟಿದ ಸ್ಟೀರಿಂಗನ್ನು ಐದು ಸೆಕೆಂಡಿಗಿಂತ ಹೆಚ್ಚು ಅಲ್ಲೇ ಒತ್ತಿ ಹಿಡಿಯುವುದೂ ಬೇಡ. ಆ ಹೊತ್ತಿನಲ್ಲಿ ಒತ್ತಡ ಅತಿ ಹೆಚ್ಚು, ಆಯಿಲ್ ಬೇಗ ಕಾಯುತ್ತದೆ, ಪಂಪಿಗೆ ಪೆಟ್ಟು.

ಆಯಿಲ್ ಕೆಳಗೆ ಇಳಿಯುತ್ತದೆ, ಓಡುವಾಗ ಗಾಳಿಗೆ ಹಿಂದಕ್ಕೂ ಹರಡುತ್ತದೆ. ಹಾಗಾಗಿ ಹಸಿಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು, ಮುಂದಿನದು ಯಾವುದೋ ಅದೇ ಮೂಲ. ಪುಲ್ಲಿ ಹಿಂದೆ ಒದ್ದೆ ಇದ್ದರೆ ಪಂಪಿನ ಶಾಫ್ಟ್ ಸೀಲ್. ರ್‍ಯಾಕ್ ಬೂಟ್ (ತುದಿಯ ರಬ್ಬರ್ ಹೊದಿಕೆ) ಹಿಚುಕಿದಾಗ ಒಳಗೆ ಆಯಿಲ್ ಇದ್ದರೆ ರ್‍ಯಾಕ್ ಸೀಲ್. ಅದು ಬೇರೆಯದೇ ಕೆಲಸ. ಹೊರಗೆ ಎಲ್ಲೂ ಹಸಿ ಇಲ್ಲ, ಆದರೆ ಡಬ್ಬಿಯಲ್ಲಿ ನೊರೆ ಇದೆ ಎಂದರೆ ಸಾಮಾನ್ಯವಾಗಿ ಡಬ್ಬಿಯಿಂದ ಪಂಪಿಗೆ ಬರುವ ಹೋಸ್‌ನ ರಬ್ಬರ್ ಗಟ್ಟಿಯಾಗಿದೆ, ಅಲ್ಲಿಂದ ಗಾಳಿ ಎಳೆಯುತ್ತಿದೆ. ಹೋಸ್, ಕ್ಲಿಪ್ ಬದಲಿಸಿದರೆ ಮುಗಿಯಿತು. ಈ ಗಾಡಿಯಲ್ಲಿ ಪೌಡರ್ ಒದ್ದೆಯಾದದ್ದು ಪ್ರೆಶರ್ ಹೋಸ್‌ನ (ಪಂಪಿನಿಂದ ರ್‍ಯಾಕ್‌ಗೆ ಒತ್ತಡದ ಆಯಿಲ್ ಒಯ್ಯುವುದು) ತುದಿಯಲ್ಲಿ ರಬ್ಬರನ್ನು ಪ್ರೆಸ್ ಮಾಡಿ ಹಿಡಿದ ಕಬ್ಬಿಣದ ತೋಳಿನ ಅಂಚಿನಲ್ಲಿ. ರಬ್ಬರ್ ಅಲ್ಲಿ ಸೀಳು ಬಿಟ್ಟಿತ್ತು.

ಈ ಹೋಸ್‌ಗೆ ಸಾದಾ ರಬ್ಬರ್ ಪೈಪ್ ಹಾಕಿ ಕ್ಲಿಪ್ ಬಿಗಿಯುವ ರಿಪೇರಿಯನ್ನು ದಯವಿಟ್ಟು ಯಾರೂ ಮಾಡಬೇಡಿ. ಪೂರ್ತಿ ತಿರುಗಿಸಿದಾಗ ಇದರೊಳಗಿನ ಒತ್ತಡ ಟೈರ್ ಗಾಳಿಯ ಹತ್ತಾರು ಪಟ್ಟು. ಕಿತ್ತುಹೋದರೆ ಬಿಸಿ ಆಯಿಲ್ ನೇರ ಎಕ್ಸಾಸ್ಟ್ ಮೇಲೆ ಬಿದ್ದು ಬೆಂಕಿ ಹತ್ತಬಹುದು. ಟ್ರ್ಯಾಕ್ಟರ್, ಜೆಸಿಬಿಗೆ ಹೈಡ್ರಾಲಿಕ್ ಹೋಸ್ ಪ್ರೆಸ್ ಮಾಡಿಕೊಡುವ ಅಂಗಡಿಗಳಲ್ಲಿ ಹಳೆ ತುದಿಗಳಿಗೆ ಹೊಸ ಹೋಸ್ ಕೂಡಿಸಿಕೊಡುತ್ತಾರೆ. ಒತ್ತಡ ತಡೆಯುವುದರಲ್ಲಿ ಅದು ಗಟ್ಟಿ. ಆದರೆ ಕಂಪನಿ ಹೋಸ್ ಒತ್ತಡಕ್ಕೆ ಸ್ವಲ್ಪ ಉಬ್ಬಿ ಪಂಪಿನ ಮಿಡಿತವನ್ನು ನುಂಗಿಕೊಳ್ಳುತ್ತದೆ. ತಂತಿ ಹೆಣೆದ ಹೈಡ್ರಾಲಿಕ್ ಹೋಸ್ ಹಾಗೆ ಉಬ್ಬುವುದಿಲ್ಲ, ಗುಂಯ್‌ಗುಡುವುದು ಒಳಗೆ ಕೇಳಿಸುತ್ತದೆ. ಕಂಪನಿ ಹೋಸ್ ಸಿಗುವುದಾದರೆ ಅದನ್ನೇ ಹಾಕುವುದು ಲೇಸು.

ಬಿಚ್ಚುವ ಹಿಂದಿನ ರಾತ್ರಿಯೇ ರ್‍ಯಾಕ್ ಕಡೆಯ ನಟ್‌ಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಬೇಕು. ಮುಂದಿನ ಗಾಲಿಗಳನ್ನು ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿದೆ. ಬರೀ ಜಾಕ್ ನಂಬಿ ಅಡಿಗೆ ಹೋಗಬಾರದು. ಡಬ್ಬಿಯ ಆಯಿಲನ್ನು ಸಿರಿಂಜ್‌ನಿಂದ ತೆಗೆದು, ಪ್ರೆಶರ್ ಸ್ವಿಚ್‌ನ ವೈರ್ ಕಳಚಿ, ಪಂಪ್ ಕಡೆಯ ತೂತಿನ ಬೋಲ್ಟ್ (ಆಯಿಲ್ ಹರಿಯಲು ಒಳಗೆ ತೂತಿರುವ ಬೋಲ್ಟ್) ಬಿಚ್ಚಿದೆ. ರ್‍ಯಾಕ್ ಕಡೆ ಸಾದಾ ಸ್ಪ್ಯಾನರ್ ಹಾಕಿದರೆ ನಟ್‌ನ ಮೂಲೆ ಸವೆದು ಜಾರುತ್ತದೆ, ನಟ್‌ನ ಹೆಚ್ಚಿನ ಬದಿಗಳನ್ನು ಹಿಡಿಯುವ ಬ್ರೇಕ್ ಪೈಪ್ ಸ್ಪ್ಯಾನರೇ ಬೇಕು. ತೆರೆದ ಬಾಯಿಗಳಿಗೆ ತಕ್ಷಣ ಪ್ಲಾಸ್ಟಿಕ್ ಕಟ್ಟಿ. ಒಂದು ಹರಳು ಒಳಗೆ ಹೋದರೂ ರ್‍ಯಾಕ್‌ನ ವಾಲ್ವ್ ಕೆಡಬಹುದು.

ತೂತಿನ ಬೋಲ್ಟ್‌ನ ಎರಡೂ ಬದಿಯ ವಾಷರ್ ಹೊಸವೇ ಇರಲಿ. ಹಳೆಯವು ಒಮ್ಮೆ ಒತ್ತಿ ಚಪ್ಪಟೆಯಾಗಿರುತ್ತವೆ, ಮತ್ತೆ ಹಾಕಿದರೆ ಅಲ್ಲೇ ಜಿನುಗುತ್ತದೆ. ಎರಡೂ ತುದಿಗಳನ್ನು ಮೊದಲು ಕೈಯಿಂದ ಕೂಡಿಸಿ, ಹೋಸ್ ತಿರುಚಿಲ್ಲ, ಎಕ್ಸಾಸ್ಟ್‌ಗೆ ತಾಗುತ್ತಿಲ್ಲ ಎಂದು ನೋಡಿಕೊಂಡೇ ಬಿಗಿದೆ. ಹೋಸ್ ಹಿಡಿಯುವ ಕ್ಲ್ಯಾಂಪ್ ಬಿಡಬಾರದು, ಅದಿಲ್ಲದಿದ್ದರೆ ನಡುಕಕ್ಕೆ ಹೊಸ ಹೋಸ್ ಕೂಡ ಬೇಗ ಸೀಳುತ್ತದೆ.

ಆಯಿಲ್ ಗಾಡಿಯ ಪುಸ್ತಕದಲ್ಲಿ ಹೇಳಿದ್ದೇ ಆಗಬೇಕು. ಬ್ರೇಕ್ ಆಯಿಲ್ ಅಪ್ಪಿತಪ್ಪಿಯೂ ಬೇಡ, ಸೀಲ್‌ಗಳೆಲ್ಲ ಹಾಳಾಗುತ್ತವೆ. ಎರಡು ಲೀಟರ್ ತಂದಿಟ್ಟುಕೊಂಡರೆ ಹಳೆಯದನ್ನು ಹೊರಹಾಕಿ ತುಂಬಲು ಸಾಕು. ಗಾಳಿ ತೆಗೆಯುವಾಗ ಅವಸರ ಮಾಡಿದರೆ ಮಾಡಿದ್ದೆಲ್ಲ ವ್ಯರ್ಥ. ಗಾಲಿ ಎತ್ತಿದ ಹಾಗೇ, ಎಂಜಿನ್ ಬಂದ್ ಇಟ್ಟು, ಸ್ಟೀರಿಂಗನ್ನು ಆ ತುದಿಯಿಂದ ಈ ತುದಿಗೆ ನಿಧಾನವಾಗಿ ಹದಿನೈದಿಪ್ಪತ್ತು ಸಲ ತಿರುಗಿಸಿ. ಮಟ್ಟ ಇಳಿದಂತೆಲ್ಲ ತುಂಬುತ್ತಾ ಹೋಗಿ, ಗುಳ್ಳೆ ನಿಂತ ಮೇಲೆ ಎಂಜಿನ್ ಹಚ್ಚಿ ಐಡಲ್‌ನಲ್ಲಿ ಮತ್ತೆ ತಿರುಗಿಸಿ. ಆಯಿಲ್ ಹಾಲಿನಂತೆ ಬೆಳ್ಳಗಾದರೆ ಗಾಳಿ ಬೆರೆತಿದೆ. ಎಂಜಿನ್ ನಿಲ್ಲಿಸಿ, ನೊರೆ ಇಳಿಯುವವರೆಗೆ ಬಿಟ್ಟು ಮತ್ತೆ ಶುರು ಮಾಡಬೇಕು.

ಇಷ್ಟಾದ ಮೇಲೂ ಹೋಸ್ ಎಲ್ಲೂ ಸೋರುತ್ತಿಲ್ಲ, ಆಯಿಲ್ ಮಟ್ಟ ಸರಿ ಇದೆ, ಬೆಲ್ಟ್ ಬಿಗಿ ಇದೆ, ಆದರೂ ಗುಂಯ್ ಅನ್ನುವುದು ನಿಂತಿಲ್ಲ ಎಂದರೆ ಆಗ ಪಂಪ್ ಬಿಚ್ಚಿಸಿ.