ಒಂಬತ್ತು ಹಾಕ್‌ಗೆ ಒಂದೇ ಕೆಂಪು

ನಮ್ಮ ವಾಯುಪಡೆಯ ಕಸರತ್ತು ತಂಡ ಸೂರ್ಯಕಿರಣ್‌ನ ಒಂಬತ್ತು ವಿಮಾನಗಳ ಪ್ಲಾಸ್ಟಿಕ್ ಮಾದರಿ ಕಟ್ಟಬೇಕೆಂದು ಬ್ರಿಟಿಷರ ತಂಡ ರೆಡ್ ಆರೋಸ್‌ನ ಕಿಟ್ ಪೆಟ್ಟಿಗೆ ಕೊಂಡು ತಂದರೆ ಕೆಲಸ ಮೊದಲ ದಿನವೇ ಕೆಟ್ಟಂತೆ. ಎರಡೂ ಹಾಕ್ ವಿಮಾನಗಳೇ, ಎರಡೂ ಕೆಂಪೇ. ಆದರೆ ಬ್ರಿಟಿಷರದ್ದು ಟಿ.1 ಎಂಬ ರೂಪ, ಮೂತಿ ಗಿಡ್ಡ, ದುಂಡು. 2023ರ ಮೈಸೂರು ದಸರಾದಲ್ಲಿ ಬನ್ನಿಮಂಟಪದ ಮೇಲೆ ಹಾರಿದ್ದು ಮಾರ್ಕ್ 132, ಮೂತಿ ನೀಳ. ಪುಟ್ಟಿ ಹಾಕಿ ಉಜ್ಜಿ ಟಿ.1 ಅನ್ನು 132 ಆಗಿಸಲು ಆಗುವುದಿಲ್ಲ. ಪೆಟ್ಟಿಗೆಯ ಮೇಲೆ 128/132 ಎಂದಿರುವ ಏರ್‌ಫಿಕ್ಸ್ ಕಂಪನಿಯ 1/72 ಕಿಟ್ (ನಿಜ ವಿಮಾನದ 72ರಲ್ಲೊಂದು ಪಾಲು) ಬೇಕು. ಕಟ್ಟಿದ ಮೇಲೆ ಉದ್ದ ಸುಮಾರು 17 ಸೆಂ.ಮೀ., ರೆಕ್ಕೆ 13ರಿಂದ 14.

ನಾನು ಹಾರುವ ಭಂಗಿಯಲ್ಲೇ ಕಟ್ಟುವುದು. ಚಕ್ರ ಮಡಚಿದರೆ, ಬಾಲ ನೆಲ ಊರದಂತೆ ಮೂತಿಗೆ ಸೀಸ ತುಂಬುವ ತಾಪತ್ರಯ ಇಲ್ಲ. ಬದಲಿಗೆ ಒಡಲಿನ ಎರಡು ಹೋಳು ಕೂಡಿಸುವ ಮೊದಲೇ ಒಳಗೆ, ಪೀಠದ ಮೇಲೆ ನಿಲ್ಲಿಸುವ 3 ಮಿ.ಮೀ. ಸರಳು ಹೊಗುವ ಹಿತ್ತಾಳೆ ಕೊಳವೆಯನ್ನು ಎಂ-ಸೀಲ್ ಮೆತ್ತಿ ಕೂರಿಸಬೇಕು. ಕೂಡಿಸಿದ ಮೇಲೆ ತೂತು ಕೊರೆದು ಸರಳು ತುರುಕಿದರೆ ತಿಂಗಳೊಪ್ಪತ್ತಿನಲ್ಲಿ ವಿಮಾನ ಒಂದು ಕಡೆಗೆ ವಾಲುತ್ತದೆ. ಚಾಲಕನ ಗೂಡಿನ ಪಾರದರ್ಶಕ ಮುಚ್ಚಳಕ್ಕೆ ಫೆವಿಕ್ವಿಕ್ ಬೇಡವೇ ಬೇಡ, ಅದರ ಹಬೆಗೆ ಒಳಮೈ ಮಂಜು ಹಿಡಿಯುತ್ತದೆ. ಫೆವಿಕಾಲ್ ಸಾಕು.

ಇನ್ನು ಬಣ್ಣ. ಮೊದಲು ಬಿಳಿ, ಆಮೇಲೆ ಕೆಂಪು, ಇದನ್ನು ತಿರುಗಿಸಬಾರದು. ಕೆಂಪು ಬಣ್ಣಕ್ಕೆ ಮುಚ್ಚುವ ಶಕ್ತಿ ಕಡಿಮೆ. ಬೂದು ಪ್ರೈಮರ್ ಮೇಲೆ ಬಿದ್ದರೆ ಇಟ್ಟಿಗೆಪುಡಿಯಂತೆ ಮಂಕಾಗುತ್ತದೆ. ಕೆಂಪಿನ ಮೇಲೆ ಬಿಳಿ ಹೊಡೆದರೋ ಗುಲಾಬಿ ಇಣುಕುತ್ತದೆ. ಅದನ್ನು ಮುಚ್ಚಲು ಐದಾರು ಕೋಟ್ ಹೊಡೆಯುವಷ್ಟರಲ್ಲಿ ಮೈಮೇಲೆ ತಗಡಿನ ಜೋಡಣೆ ತೋರುವ ಗೀರುಗಳೆಲ್ಲ ತುಂಬಿಹೋಗಿರುತ್ತವೆ.

ಬಿಳಿ ಎರಡು ದಿನ ಒಣಗಲಿ. ಆಮೇಲೆ ಬಿಳಿಯಾಗಿ ಉಳಿಯಬೇಕಾದ ಕಡೆ ಟೇಪು. ಟೇಪಿನ ಅಂಚಿಗೆ ಮತ್ತೆ ಅದೇ ಬಿಳಿಯನ್ನು ತೆಳ್ಳಗೆ ಒಂದು ಸಲ ಊದುತ್ತೇನೆ. ಸಂದಿಯಲ್ಲಿ ನುಸುಳುವುದಿದ್ದರೆ ಬಿಳಿಯೇ ನುಸುಳಲಿ, ಕಾಣುವುದಿಲ್ಲ. ಬಲಮಗ್ಗುಲಿಗೆ ಕತ್ತರಿಸಿದ ಟೇಪನ್ನು ಮಗುಚಿ ಎಡಕ್ಕೆ ಅಂಟಿಸಲಾಗದು, ಅಂಟು ಇರುವುದು ಟೇಪಿನ ಒಂದೇ ಮೈಗೆ. ಆಕಾರ ಬರೆದ ಟ್ರೇಸಿಂಗ್ ಹಾಳೆಯನ್ನೇ ಮಗುಚಿಟ್ಟು ಎಡದ ಆಕಾರ ತೆಗೆಯಬೇಕು. ಟೇಪನ್ನು ಮೂರು ಪದರ ಒಂದರ ಮೇಲೊಂದು ಗಾಜಿಗೆ ಅಂಟಿಸಿ ಕತ್ತರಿಸಿದರೆ ಮೂರು ವಿಮಾನಕ್ಕೆ ಒಂದೇ ಅಳತೆ ಸಿಗುತ್ತದೆ.

ಕೆಂಪಿಗೆ ತಮಿಯಾ ಕಂಪನಿಯ ಎಕ್ಸ್-7 ಬಣ್ಣ. ಹತ್ತು ಮಿ.ಲೀ. ಶೀಶೆ ಎರಡನ್ನು ಒಂದೇ ಪಾತ್ರೆಗೆ ಸುರಿದು ಅಷ್ಟೇ ಲ್ಯಾಕರ್ ಥಿನ್ನರ್ ಬೆರೆಸಿದರೆ ಒಂಬತ್ತಕ್ಕೂ ಆಗಿ ಮಿಗುತ್ತದೆ. ಒಂದೊಂದಕ್ಕೆ ಬೇರೆ ಬೇರೆ ಕಲಸಬೇಡಿ, ಸಾಲಾಗಿ ನಿಲ್ಲಿಸಿದಾಗ ತೆಳುಗೆಂಪು, ಗಾಢಗೆಂಪು ಎದ್ದು ಕಾಣುತ್ತದೆ. ಬಣ್ಣ ಊದುವ ಏರ್‌ಬ್ರಷ್‌ಗೆ 0.3 ಮಿ.ಮೀ. ನಳಿಕೆ, ಗಾಳಿಯ ಒತ್ತಡ 15 ಪಿಎಸ್‌ಐ. ಒಂಬತ್ತಕ್ಕೂ ಒಂದು ಕೋಟ್ ಮುಗಿಸುವ ಹೊತ್ತಿಗೆ ಮೊದಲನೆಯದು ಆರಿ ಎರಡನೆಯ ಸುತ್ತಿಗೆ ಸಿದ್ಧವಾಗಿರುತ್ತದೆ. ಮೂರು ಸುತ್ತು. ಅರ್ಧ ಗಂಟೆಯೊಳಗೆ ಟೇಪನ್ನು ಅದರ ಮೇಲೇ ಹಿಂದಕ್ಕೆ ಮಡಚಿ ಎಳೆಯಬೇಕು. ಪೂರ್ತಿ ಒಣಗಿದರೆ ಅಂಚು ಹಲ್ಲುಹಲ್ಲಾಗಿ ಕಿತ್ತುಬರುತ್ತದೆ.

ಆಷಾಢದ ಜಿಟಿಜಿಟಿಯಲ್ಲಿ ಲ್ಯಾಕರ್ ಕ್ಲಿಯರ್ (ಕೊನೆಗೆ ಹೊಡೆಯುವ ಬಣ್ಣವಿಲ್ಲದ ಹೊಳಪು) ಮುಟ್ಟದಿರುವುದು ಲೇಸು. ಥಿನ್ನರ್ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಕೂರುತ್ತದೆ, ಹೊಳಪೆಲ್ಲ ಮಜ್ಜಿಗೆ ಬಣ್ಣ. ಹಾಗಾದರೆ ಗಾಬರಿ ಬೇಡ. ಬಿಸಿಲು ಬಿದ್ದ ದಿನ ಬರೀ ಥಿನ್ನರನ್ನು ಮಂಜಿನಂತೆ ಊದಿದರೆ ತಿಳಿಯಾಗುತ್ತದೆ.

ಡೆಕಾಲ್, ಅಂದರೆ ನೀರಲ್ಲಿ ನೆನೆಸಿ ಅಂಟಿಸುವ ಗುರುತುಗಳಲ್ಲಿ ಕಾಡುವುದು ವಾಯುಪಡೆಯ ಕೇಸರಿ-ಬಿಳಿ-ಹಸಿರು ವೃತ್ತಗಳು. ಕೆಂಪಿನ ಮೇಲೆ ನೇರ ಅಂಟಿಸಿದರೆ ಹೊರಗಿನ ಕೇಸರಿ ಕಂದಾಗುತ್ತದೆ. ಕೆಳಗೆ ಅರ್ಧ ಮಿ.ಮೀ. ಚಿಕ್ಕದಾದ ಬಿಳಿ ಡೆಕಾಲ್ ಬಿಲ್ಲೆ ಕೂರಿಸಿ, ಅದು ಒಣಗಿದ ಮೇಲೆ ವೃತ್ತವನ್ನು ಇಡಿ.

ಪೀಠಕ್ಕೆ ಮೈಸೂರಿನ ಮಂಡಿ ಮೊಹಲ್ಲಾದ ಕೆತ್ತನೆಯವರ ಹತ್ತಿರ ಬೀಟೆ ಹಲಗೆ ಕೇಳಬಹುದು. ವಜ್ರಾಕೃತಿಗೆ 1-2-3-2-1 ಸಾಲು. ಸಾಲಿನೊಳಗೆ ಮಧ್ಯದಿಂದ ಮಧ್ಯಕ್ಕೆ 20 ಸೆಂ.ಮೀ., ಸಾಲಿಂದ ಸಾಲಿಗೆ 13. ಎರಡಡಿ ಅಗಲ, ಎರಡೂವರೆ ಅಡಿ ಉದ್ದ ಸಾಕು. ನಾಯಕನ ಸರಳು 20 ಸೆಂ.ಮೀ. ಇದ್ದರೆ ಹಿಂದಿನ ಪ್ರತಿ ಸಾಲಿಗೆ ಒಂದೊಂದು ಸೆಂ.ಮೀ. ಕಡಿಮೆ ಮಾಡಿ. ಹಿಂದಿನವನು ಮುಂದಿನವನ ಹೊಗೆಯಿಂದ ತುಸು ಕೆಳಗಿರಬೇಕಲ್ಲ.